ಫೋಟೋದ ಹಿಂದಿನ ಹದಿನೇಳು ಚೀಟಿ

ಮಂಜುಳಾ ಚಪ್ಪಲಿ ಬಿಟ್ಟು ಕುರ್ಚಿ ಹತ್ತಿ, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯನ್ನು ಲಕ್ಷ್ಮಿಯ ಫೋಟೋದ ಹಿಂದೆ ತೂರಿಸಿದಳು. ಮೊದಲು ಜೇಡರ ಬಲೆ ಸಿಕ್ಕಿತು. ಆಮೇಲೆ ಒಣಗಿ ಪುಡಿಯಾದ ಬನ್ನಿಯ ಎಲೆ. ಅದರ ಹಿಂದೆ, ಹಳದಿ ದಾರ ಸುತ್ತಿದ ಚೀಟಿಗಳ ಕಟ್ಟು.

“ಕೆಳಗ ಇಳಿ,” ಅಂದರು ಬಾಗಿಲಲ್ಲಿ ನಿಂತಿದ್ದ ರಘೋತ್ತಮರಾಯರು. “ದೇವರ ಫೋಟೋ ಅದ ಅದು. ಕಪಾಟಲ್ಲ.”

“ಗೊತ್ತೈತ್ರಿ.”

“ಗೊತ್ತಿದ್ರ ಇಳಿ. ಗಾಲಿ ಇರೂ ಕುರ್ಚಿ ಅದು. ಬಿದ್ದಿ ಅಂದ್ರ ಕಾರ್ಖಾನಿಗೆ ಕೆಟ್ಟ ಹೆಸರು.”

“ಕೆಟ್ಟ ಹೆಸರು ಕಾರ್ಖಾನಿಗೆ ಎಲ್ಲಿ ಬರತೈತ್ರಿ ರಾಯರ? ಎಲ್ಲಾ ನನಗೇ ಬರಾಕತ್ತೈತಿ.”

ಅವಳು ಇಳಿದಳು. ಕಟ್ಟು ಕೈಯಲ್ಲೇ ಇತ್ತು. ಮೇಜಿನ ಮೇಲೆ ಅದನ್ನು ಇಟ್ಟಾಗ ಕುಂಕುಮದ ಪುಡಿ ಕೀಬೋರ್ಡಿನ ಮೇಲೆ ಉದುರಿತು. ರಾಯರು ಅದನ್ನು ಒರೆಸಲು ಕರವಸ್ತ್ರ ತೆಗೆದರು, ಒರೆಸಲಿಲ್ಲ. ಕುಂಕುಮ ಒರೆಸಬಹುದೋ ಬಾರದೋ ಎಂಬ ಅನುಮಾನ ಅವರನ್ನು ಅರ್ಧದಲ್ಲಿ ನಿಲ್ಲಿಸಿತು.

ಇದು ಬೈಲಹೊಂಗಲಕ್ಕೂ ಸವದತ್ತಿಗೂ ನಡುವೆ, ಹೊಳೆಯ ದಂಡೆಯ ಮೇಲಿನ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗ. ರಘೋತ್ತಮರಾಯರು ಅದರ ಮುಖ್ಯಸ್ಥರು. ಅಜ್ಜ ಪುರಾಣ ಹೇಳುತ್ತಿದ್ದರು, ಅಪ್ಪ ಸಂಸ್ಕೃತ ಕಲಿಸುತ್ತಿದ್ದರು, ಇವರು ಮೂವತ್ತು ವರ್ಷ, ಮೊದಲು ಲೆಡ್ಜರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಕಬ್ಬಿನ ನೋಂದಣಿ ನೋಡಿಕೊಂಡವರು. ಜನವರಿಯಲ್ಲಿ ನಿವೃತ್ತಿ. ಮಂಜುಳಾ ಅವರ ಕೈಕೆಳಗೆ ಆರು ವರ್ಷ ಪಳಗಿದವಳು. ಮಾಡುವ ಕೆಲಸ ಒಂದೇ, ಆದರೆ ಕಾರ್ಖಾನೆಯ ಜೀವ ಅದರಲ್ಲಿತ್ತು. ಯಾವ ರೈತ ಯಾವ ದಿನ ಬೀಜ ನೆಟ್ಟು ಕಬ್ಬು ಹಚ್ಚಿದ ಎಂಬುದನ್ನು ಹೊಲಕ್ಕೆ ಹೋಗಿ ನೋಡಿ ಬರೆದುಕೊಂಡು, ಬಂದು ಕಂಪ್ಯೂಟರಿಗೆ ಹಾಕುವುದು. ಆ ತಾರೀಖಿನ ಮೇಲೆ ಪಾಳಿ ನಿಲ್ಲುತ್ತಿತ್ತು. ಮೊದಲು ಹಚ್ಚಿದವರ ಹೊಲಕ್ಕೆ ಕಡಿಯುವ ಗ್ಯಾಂಗು ಮೊದಲು. ರಾಯರ ದೊಡ್ಡ ಪಾಸ್‌ವರ್ಡ್ ಬಿಟ್ಟರೆ ತಾರೀಖು ತಿದ್ದುವ ಹಕ್ಕು ಇಡೀ ಕಾರ್ಖಾನೆಯಲ್ಲಿ ಮಂಜುಳಾಳ ಹೆಸರಿಗೆ ಮಾತ್ರ ಇತ್ತು. ಉಳಿದವರ ಹೆಸರುಗಳಿಗೆ ತೂಕ ಬರೆಯುವ ಹಕ್ಕೋ, ಕಬ್ಬು ಕಡಿಯುವ ಚೀಟಿ ಹರಿದು ಕೊಡುವ ಹಕ್ಕೋ, ಸುಮ್ಮನೆ ನೋಡುವ ಹಕ್ಕೋ ಇತ್ತು, ಅಷ್ಟೇ.

ಇನ್ನು ಚೀಟಿಗಳ ಸಂಗತಿ. ಕಾರ್ಖಾನೆಯಲ್ಲಿ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಗೋದಾಮಿನ, ಬಾಯ್ಲರಿನ, ಕಪಾಟಿನ ಬೀಗದ ಕೈಗಳನ್ನೆಲ್ಲ ಹಿತ್ತಾಳೆ ತಾಟಿನಲ್ಲಿಟ್ಟು ಪೂಜೆ ಮಾಡುವ ಪದ್ಧತಿ ಮೊದಲಿನಿಂದ ಇತ್ತು. ಕಂಪ್ಯೂಟರು ಬಂದ ವರ್ಷ ರಾಯರಿಗೆ ಧರ್ಮಸಂಕಟ ಹತ್ತಿಕೊಂಡಿತು. ಗೋದಾಮಿಗಿಂತ ದೊಡ್ಡದು ಈಗ ಈ ಡಬ್ಬಿಯೊಳಗಿದೆ, ಇದರ ಕೀಲಿಗೆ ಪೂಜೆ ಬೇಡವೇ? ಅವರೇ ದಾರಿ ಕಂಡುಕೊಂಡರು. ಪ್ರತಿಯೊಬ್ಬರೂ ತಮ್ಮ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ತಾಟಿನಲ್ಲಿಡಬೇಕು. ಅರಿಷಿಣ, ಕುಂಕುಮ, ಮಂಗಳಾರತಿ. ಮರುದಿನ ಬನ್ನಿ ಮುಡಿಸಿ ಕಟ್ಟಿ ಲಕ್ಷ್ಮಿಯ ಹಿಂದೆ. ಮುಂದಿನ ದಸರೆವರೆಗೆ ಪಾಸ್‌ವರ್ಡ್ ಬದಲಿಸುವಂತಿಲ್ಲ, ಪೂಜೆಯಾದದ್ದು ಅಲ್ಲವೇ? ಸಾಫ್ಟ್‌ವೇರ್ ಕೊಟ್ಟ ಪುಣೆಯ ಹುಡುಗರು ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸು ಎಂದು ಕಂಪ್ಯೂಟರೇ ಕೇಳುವ ಹಾಗೆ ಮಾಡಿ ಹೋಗಿದ್ದರು. ರಾಯರು ಅದನ್ನು ಅದೇ ವಾರ ಬಂದ್ ಮಾಡಿದರು. ದೇವರ ಹಿಂದೆ ಇಟ್ಟದ್ದನ್ನು ಯಾರು ಮುಟ್ಟುತ್ತಾರೆ ಎಂಬುದು ಅವರ ನಂಬಿಕೆ. ಒಂಬತ್ತು ವರ್ಷ ಯಾರೂ ಮುಟ್ಟಿರಲಿಲ್ಲ ಎಂಬುದೂ ಅವರ ನಂಬಿಕೆಯೇ.

ಇವತ್ತು ಬೆಳಗ್ಗೆ ಒಂಬತ್ತಕ್ಕೆ ಶಟ್ಟೆವ್ವ ಬಂದಿದ್ದಳು.

ಎರಡು ಎಕರೆ ಕಬ್ಬಿನ ಒಡತಿ, ಗಂಡನಿಲ್ಲದೆ ಮೂವತ್ತು ವರ್ಷ ಒಕ್ಕಲುತನ ಮಾಡಿದವಳು. ಕೌಂಟರಿನ ಕಿಂಡಿಗೆ ಮುಖ ಕೊಟ್ಟು, ಹಿಂದಿನವರಿಗೂ ಕೇಳುವ ಹಾಗೆ ಶುರು ಮಾಡಿದಳು.

“ಏನವಾ ತಂಗಿ, ನನ್ನ ಸಜ್ಜಿ ರೊಟ್ಟಿ ರುಚಿ ಇರಲಿಲ್ಲೇನು?”

“ಯಾಕ ಆಯಿ?”

“ಹ್ವಾದ ಎಳ್ಳ ಅಮಾಸಿ ಆದ ಮೂರನೇ ದಿನಾ ಹಚ್ಚೇನಿ. ನೀನ ಗಾಡಿ ಮ್ಯಾಲೆ ಬಂದಿದ್ದಿ. ಬದುವಿನ ಮ್ಯಾಲೆ ಕುಂತು ನನ್ನ ರೊಟ್ಟಿ ತಿಂದಿ. ಮೂರು ತಿಂದಿ, ನಾ ಎಣಿಸೇನಿ. ಈಗ ನಂದು ಮಾರ್ಚಿನ ಕಬ್ಬು ಅಂತ ಬರದಿ ಅಂತಲ್ಲ? ಸೂಲಂಗಿ ಹೂ ಬಿಟ್ಟು ಕುಂತೈತಿ, ಹೊಲಾ ನೋಡಿದ್ರ ಬೆಳ್ಳಗ ಮದವಿ ಚಪ್ಪರ ಕಂಡಂಗ ಕಾಣತೈತಿ. ಈ ವಾರ ಕಡೀಬೇಕಿತ್ತು, ತಡಾ ಆದ್ರ ತೂಕಾ ಇಳೀತೈತಿ. ಗ್ಯಾಂಗಿನಾಂವ ಅಂತಾನ, ಆಯಿ, ನಿನ್ನ ಪಾಳಿ ಶಿವರಾತ್ರಿ ಆದ ಮ್ಯಾಲೆ.”

ಮಂಜುಳಾ ನಗಲು ಹೋದಳು. ತಪ್ಪು ಹೆಸರು ನೋಡಿರುತ್ತಾರೆ ಅಂದುಕೊಂಡು ಪರದೆ ತೆರೆದಳು. ಜನವರಿ ಎರಡು ಇರಬೇಕಾದ ಕಡೆ ಮಾರ್ಚ್ ಎರಡು ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ತಿದ್ದಿದವರು: ಮಂಜುಳಾ. ನವೆಂಬರ್ ಇಪ್ಪತ್ತೆರಡು, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ.

ಆ ದಿನ ಅವಳು ರಜೆಯಲ್ಲಿದ್ದಳು. ಸವದತ್ತಿಯ ದವಾಖಾನೆಯಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸುತ್ತಿದ್ದಳು. ಮೂರು ಗಂಟೆ ಹತ್ತು ನಿಮಿಷಕ್ಕೆ ಅವ್ವನ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ್ದರು, ಇವಳು ಹೊರಗಿನ ಬೆಂಚಿನಲ್ಲಿ ಅವ್ವನ ಮೂಗಬಟ್ಟನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು.

“ಆಯಿ, ಇದನ್ನ ನಾ ಮಾಡಿಲ್ಲ.”

“ಮತ್ತ ಯಾರ ಹೆಸರು ಐತಿ ಅಲ್ಲೆ?”

ಮಂಜುಳಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನಂದೇ ಐತಿ.”

ಶಟ್ಟೆವ್ವ ಹಿಂದೆ ತಿರುಗಿ ಸಾಲಿನಲ್ಲಿ ನಿಂತವರನ್ನು ನೋಡಿದಳು. ಸಾಲಿನವರು ಮಂಜುಳಾಳನ್ನು ನೋಡಿದರು. ಅವರಲ್ಲಿ ಇಬ್ಬರು ಅವಳ ಊರಿನವರು. ಅವಳ ಅಪ್ಪ ಎತ್ತು ಕಟ್ಟಿ ಬೇಸಾಯ ಮಾಡಿದ ಮನುಷ್ಯ, ಒಬ್ಬರ ಬದುವಿನ ಹುಲ್ಲು ಸಹ ಮುಟ್ಟಲಿಲ್ಲ ಎಂದು ಊರು ಇನ್ನೂ ಹೇಳುತ್ತದೆ. ಆ ಮನೆಯ ಹೆಸರು ಈಗ ಪರದೆಯ ಮೇಲೆ ಕೂತಿತ್ತು. ಅವಳು ತನ್ನ ಹೆಸರಿನಲ್ಲಿ ನಡೆದ ತಿದ್ದುಪಡಿಗಳನ್ನೆಲ್ಲ ಪ್ರಿಂಟ್ ತೆಗೆದಳು. ಇಪ್ಪತ್ತು ನಿಮಿಷದೊಳಗೆ ನಲವತ್ತೊಂದು. ಯಾರದೂ ಮುಂದಕ್ಕೆ ಬಂದಿರಲಿಲ್ಲ, ನಲವತ್ತೊಂದೂ ಹಿಂದಕ್ಕೆ ಹೋಗಿದ್ದವು. ಅಷ್ಟು ಮಂದಿ ಹಿಂದೆ ಸರಿದರೆ ಅವರ ಹಿಂದೆ ನಿಂತವರು ತಾವಾಗಿ ಮುಂದೆ. ಜಾಣತನ ಮಾಡಿದವನು ಹಳಬ.

ಹಾಗಾಗಿ ಅವಳು ಕುರ್ಚಿ ಹತ್ತಿದ್ದು.

ರಾಯರ ಎದುರಿಗೇ ದಾರ ಬಿಚ್ಚಿದಳು. ಹದಿನೇಳು ಚೀಟಿ. ಹದಿನಾರು ಬಿಳಿ, ಒಂದು ಕೆಂಪು. ಕೆಂಪು ಚೀಟಿ ರಾಯರದು, ಎಲ್ಲ ಹಕ್ಕೂ ಇರುವ ದೊಡ್ಡ ಪಾಸ್‌ವರ್ಡ್ ಅದರಲ್ಲಿತ್ತು. ಪೂಜೆಯ ದಿನ ಮಂಜುಳಾ ಎಲ್ಲರಿಗಿಂತ ಮೊದಲು ಬಂದು ತನ್ನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ತಾಟಿನ ತಳದಲ್ಲಿಟ್ಟಿದ್ದಳು. ಈಗ ಅದು ಎಲ್ಲಕ್ಕಿಂತ ಮೇಲಿತ್ತು. ಮಡಿಕೆ ಎರಡೇ ಇತ್ತು.

“ನೋಡ್ರಿ,” ಅಂದಳು.

ರಾಯರು ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. “ಇಲಿ ಎಳದಿರಬಹುದು.”

“ಮಡಿಕಿ ಬಿಚ್ಚಿ ಓದೂ ಇಲಿ?”

“ದೇವರ ಹಿಂದ ಇಟ್ಟದ್ದವಾ ಅದು. ಹಂಗ ಯಾರು ಕೈ ಹಾಕ್ತಾರ?”

“ನಾ ಹಾಕಿದೆ ನೋಡ್ರಿ ಈಗ. ಲಕ್ಷ್ಮಿ ಏನೂ ಅನಲಿಲ್ಲ.”

ಅವಳು ಪ್ರಿಂಟಿನ ಹಾಳೆಯನ್ನು ಅವರ ಮುಂದೆ ಸರಿಸಿ ಕೊನೆಯ ಕಾಲಂ ಮೇಲೆ ಬೆರಳಿಟ್ಟಳು. ಯಾವ ಮಷಿನ್ನಿನಿಂದ ತಿದ್ದಿದ್ದು ಎಂಬುದನ್ನೂ ಆ ಸಾಫ್ಟ್‌ವೇರ್ ಬರೆದಿಡುತ್ತಿತ್ತು. ನಲವತ್ತೊಂದು ಸಾಲಿಗೂ ಒಂದೇ ಅಂಕಿ, ಎರಡು. ಖಂಡೆಪೂಜೆಯಲ್ಲಿ ಎಲ್ಲ ಕಂಪ್ಯೂಟರಿಗೂ ವಿಭೂತಿ ಹಚ್ಚಿ ನಂಬರಿನ ಚೀಟಿ ಅಂಟಿಸುವವರು ರಾಯರೇ. ಎರಡನೇ ನಂಬರು ಆಡಳಿತ ವ್ಯವಸ್ಥಾಪಕ ಮಿಲಿಂದ ಸಾಹೇಬರ ಕೋಣೆಯಲ್ಲಿತ್ತು.

ರಾಯರು ಹಾಳೆಯನ್ನು ಅವಳತ್ತ ಮರಳಿ ಸರಿಸಿದರು. ನೀರು ಕುಡಿಯಲು ಹೊರಗೆ ಹೋದರು. ನೀರಿನ ಬಾಟಲಿ ಅವರ ಕೈಯಲ್ಲೇ ಇತ್ತು.

ಮಂಜುಳಾ ಕೂತು ಪಾಸ್‌ವರ್ಡ್ ಬದಲಿಸಿದಳು. ಮಾರ್ಗಶಿರ ಮಾಸದ ಒಂದು ಸಾದಾ ದಿನ, ಪೂಜೆಯಿಲ್ಲ, ಮುಹೂರ್ತವಿಲ್ಲ, ಕಾಯಿ ಒಡೆಯಲಿಲ್ಲ. ಹಳೆಯದು, ಆರು ದಸರೆಗೂ ಬದಲಿಸದೆ ಬರೆದಿಟ್ಟದ್ದು, ಅವಳ ಮನೆಯ ಆಕಳ ಹೆಸರಾಗಿತ್ತು. ಹೊಸದು ಏನೆಂಬುದು ಅವಳಿಗೆ ಮಾತ್ರ ಗೊತ್ತು, ಈ ಕಥೆಗೂ ಗೊತ್ತಿಲ್ಲ. ಚೀಟಿಯನ್ನು ಹರಿಯಲಿಲ್ಲ. ಅದು ಸಾಕ್ಷಿ.

ಐದು ನಿಮಿಷವಾಗಿರಲಿಲ್ಲ, ತೂಕದ ಕಾಟಾದಿಂದ, ಅಲ್ಲಿ ತೂಕ ಬರೆಯುವ ಪರಶುವಿನ ಫೋನು.

“ಅಕ್ಕಾರ, ನೀವು ಓಪನ್ ಆಗವಲ್ರಿ.”

“ನಾ ಏನು ಅಂಗಡೀನ ಓಪನ್ ಆಗಾಕ?”

“ಅಲ್ರಿ, ನಿಮ್ಮ ಹೆಸರು. ಒಂದು ಗಾಡಿಗೆ ಊರ ಹೆಸರು ತಪ್ಪೈತಿ, ತಿದ್ದೂದಿತ್ತು. ತಪ್ಪು ಪಾಸ್‌ವರ್ಡ್ ಅಂತ ಬರಾಕತ್ತೈತಿ.”

“ನನ್ನ ಪಾಸ್‌ವರ್ಡ್ ನಿನಗ ಯಾರು ಕೊಟ್ರು?”

ಫೋನಿನ ಆ ಕಡೆ ಪರಶು ಟ್ರ್ಯಾಕ್ಟರಿನ ಸದ್ದಿನ ಮೇಲೆ ದನಿ ಏರಿಸಿದ. ನಿಜಕ್ಕೂ ತಿಳಿಯದವನ ಹಾಗೆ ಅಂದ, “ಎಲ್ಲಾರಿಗೂ ಗೊತ್ತೈತಲ್ರಿ ಅಕ್ಕಾರ. ಕಾಟಾದ ಗ್ವಾಡಿ ಮ್ಯಾಲೆ ಬರದೈತಿ. ನಾ ಇಲ್ಲಿ ಬರೂಕಿಂತ ಮೊದಲಿಂದ ಐತಿ.”

ಅದಾದ ಮೇಲೆ ಯರಗಟ್ಟಿಯ ಶಾಖೆಯಿಂದ ಒಂದು, ಕಿತ್ತೂರಿನ ಶಾಖೆಯಿಂದ ಎರಡು. ಆಮೇಲೆ ರಾಮದುರ್ಗದ ಕಡೆ ರೈತರಿಗೆ ಕಡಿಯುವ ಚೀಟಿ ಹಂಚುವ ಒಬ್ಬ ಚೀಟಿಬಾಯ್, ಅವನ ದನಿಯನ್ನೇ ಅವಳು ಹಿಂದೆ ಕೇಳಿರಲಿಲ್ಲ. “ಮೇಡಂ, ನೀವು ಹೆಣ್ಣಮಕ್ಕಳಂತ ಗೊತ್ತಿರಲಿಲ್ಲ, ಮಂಜುಳಾ ಅಂದ್ರ ಮಷಿನ್ ಹೆಸರು ಅಂದುಕೊಂಡಿದ್ದೆ,” ಅಂದ. ಊಟದ ಹೊತ್ತಿಗೆ ಏಳು ಫೋನು. ಏಳು ಮಂದಿ, ಎಷ್ಟೋ ವರ್ಷ, ಅವಳು ಅರಿಯದೆ ಅವಳಾಗಿ ಓಡಾಡುತ್ತಿದ್ದರು. ಅವಳು ಪ್ರತಿಯೊಬ್ಬರ ಹೆಸರನ್ನೂ ಹೊತ್ತನ್ನೂ ಹಾಳೆಯ ಹಿಂಬದಿಗೆ ಬರೆದಳು. ಸಿಟ್ಟು ಮೊದಲು ಕಿವಿಯಲ್ಲಿತ್ತು, ಬರೆಯುತ್ತ ಬರೆಯುತ್ತ ಕೈಗೆ ಇಳಿದು ತಣ್ಣಗೆ ಗಟ್ಟಿಯಾಯಿತು.

ಕೊನೆಗೆ ಒಂದು ಅರ್ಜಿ ಬರೆದಳು. ಈ ನಲವತ್ತೊಂದು ತಿದ್ದುಪಡಿ ನನ್ನದಲ್ಲ, ಆ ದಿನ ನಾನು ರಜೆಯಲ್ಲಿದ್ದೆ, ಮಷಿನ್ ನಂಬರು ಎರಡು, ಎಲ್ಲ ತಾರೀಖುಗಳನ್ನು ನನ್ನ ಹೊಲದ ಡೈರಿಯಂತೆ ಹೊರಗಿನವರ ಎದುರು ಮರಳಿ ಹಾಕಬೇಕು. ಪ್ರಿಂಟು, ಚೀಟಿ, ದವಾಖಾನೆಯ ರಸೀದಿ ಲಗತ್ತಿಸಿ, ಅರ್ಜಿಗೆ ಮೊಹರು ಒತ್ತಿ ಪಡೆಯುವ ಆವಕ ವಿಭಾಗಕ್ಕೆ ಹೋದಳು. ಆವಕದ ಗುಮಾಸ್ತ ಮೊದಲ ಸಾಲು ಓದಿ, ಶಿಕ್ಕಾ ಎತ್ತಿ, ಎರಡನೇ ಸಾಲು ಓದಿ, ಶಿಕ್ಕಾ ಕೆಳಗಿಟ್ಟ.

“ಸಾಹೇಬರು ಕರೀಲಿಕತ್ತಾರಂತ,” ಅಂದ. ಯಾರೂ ಕರೆದಿರಲಿಲ್ಲ. ಆದರೆ ಅವಳು ಹೋಗುವಷ್ಟರಲ್ಲಿ ಕರೆ ಬಂದೇ ಇತ್ತು.

ಮಿಲಿಂದ ಸಾಹೇಬರ ಕೋಣೆ ತಂಪಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಒಂದೊಂದು ವರ್ಷದ ಸಕ್ಕರೆ ಒಂದೊಂದು ಗಾಜಿನ ಭರಣಿಯಲ್ಲಿ. ರಾಯರು ಆಗಲೇ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಕಂಪ್ಯೂಟರಿನ ನೆತ್ತಿಯ ಮೇಲೆ ಮೂರು ಬೆರಳ ವಿಭೂತಿ, ಅದರ ಕೆಳಗೆ ಅಂಕಿ ಎರಡು.

“ಕುಂತ್ಕೋರಿ ಮಂಜುಳಾ ಅವರ. ಚಹಾ ತರಸ್ಲಿ?”

“ಬ್ಯಾಡ್ರಿ.”

“ಏನು ಇದು, ಸೀಜನ್ ನಡುವ ಪಾಸ್‌ವರ್ಡ್ ಬದಲಿ ಮಾಡಿ ಕುಂತೀರಂತ? ನಾಕು ಶಾಖೆ ಕೆಲಸ ನಿಂತದ.”

“ನನ್ನ ಕೆಲಸ ನಿಂತಿಲ್ರಿ. ನನ್ನ ಹೆಸರಲೇ ಅವರು ಮಾಡೂ ಕೆಲಸ ನಿಂತೈತಿ. ಅವರವರಿಗೆ ಅವರವರ ಹೆಸರಲೇ ಹಕ್ಕು ಕೊಡ್ರಿ, ನಡೀತೈತಿ.”

“ಕೊಡೂಣು. ಅದಕ್ಕ ಮೀಟಿಂಗ್ ಆಗಬೇಕು, ಪುಣೆದವರು ಬರಬೇಕು. ಈಗ ಸದ್ಯಕ್ಕ ಹೊಸಾದು ರಾಯರಿಗೆ ಹೇಳ್ರಿ.”

“ಹೇಳಂಗಿಲ್ರಿ.”

ಸಾಹೇಬರು ನಕ್ಕರು. ಬೈಯುವ ಮನುಷ್ಯನಲ್ಲ ಅವರು, ಆ ಗುಣದಿಂದಲೇ ಇಷ್ಟು ದೂರ ಬಂದವರು. “ನೋಡ್ರಿ, ನಲವತ್ತೊಂದು ತಾರೀಖು ತಪ್ಪಾಗ್ಯಾವ. ಆಗತಾವ. ಟೈಪ್ ಮಾಡೂ ಮುಂದ ಜನವರಿ ಹೋಗಿ ಮಾರ್ಚ್ ಬೀಳತದ. ಬೆರಳು ಜಾರಿತು ಅಂತ ಒಂದು ಸಾಲು ಬರದುಕೊಡ್ರಿ, ಫೈಲ್ ಮುಚ್ಚೂಣು.”

“ನಲವತ್ತೊಂದು ಸಲ ಜಾರಿತ್ರಿ? ಅದೂ ಸವದತ್ತಿ ದವಾಖಾನಿಯಿಂದ, ನಿಮ್ಮ ಮಷಿನ್ ಮ್ಯಾಲೆ?”

ಆಗ ಬಾಗಿಲು ತೆರೆಯಿತು. ಶಟ್ಟೆವ್ವ ಕೇಳದೆ, ಬಗ್ಗದೆ ಒಳಗೆ ಬಂದಳು. ಬೆಳಗ್ಗೆಯಿಂದ ಹೊರಗಿನ ಕಟ್ಟೆಯ ಮೇಲೆ ಕೂತಿದ್ದವಳು.

“ಏನಾತು ನಂದು?”

“ಆಯಿ, ನಿಮ್ದು ಈಗಿಂದೀಗ ಆಗತದ,” ಅಂದರು ಸಾಹೇಬರು, ಅವಳಿಗೆ ಕುರ್ಚಿ ತೋರಿಸುತ್ತ. “ಇಕಿ ಒಂದು ಬಟನ್ ಒತ್ತಿದ್ರ ಸಾಕು. ನಾಳೆ ಗ್ಯಾಂಗು ನಿಮ್ಮ ಹೊಲದಾಗ. ಕೇಳ್ರಿ ಇಕಿನ್ನ.”

ಮುದುಕಿ ತಿರುಗಿದಳು. “ಒತ್ತವಾ ಮತ್ತ. ನೋಡ್ತಿ ಏನು?”

ಮಂಜುಳಾ ಮುದುಕಿಯತ್ತ ತಿರುಗಿದಳು. ಮೂರು ರೊಟ್ಟಿ ತಿಂದ ಋಣ ಎದುರಿಗೆ ನಿಂತಿತ್ತು, ಅದರ ಹಿಂದೆ ಬೆಳ್ಳಗೆ ತೂಗುವ ಕಬ್ಬು. ಒತ್ತಬಹುದಿತ್ತು. ಹಕ್ಕು ಅವಳದೇ.

“ಆಯಿ, ನಿಮ್ದೊಂದು ನಾ ಈಗ ತಿದ್ದಿದೆ ಅನ್ರಿ. ತಪ್ಪು ಮಾಡಿದಾಕಿನ ತಿದ್ದಿದ್ಲು ಅಂತಾರ. ಉಳದ ನಲವತ್ತೂ ನನ್ನ ಕೈಯಾಗಿಂದ ಆದಂಗ ಆತು. ಆ ನಲವತ್ತು ಮಂದಿ ಶಿವರಾತ್ರಿ ತನಕಾ ಕಾಯ್ತಾರ. ಅದರಾಗ ನಿಮ್ಮ ತಮ್ಮನ ಹೊಲಾನೂ ಐತಿ.”

“ಅಮೋಘಸಿದ್ದಪ್ಪಂದು?”

“ಹೂಂ. ಹನ್ನೆರಡನೇ ಸಾಲು.”

ಶಟ್ಟೆವ್ವ ಬಾಯೊಳಗಿನ ತಂಬಾಕನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು. ತೋರಿಸಿದ ಕುರ್ಚಿಯನ್ನು ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು ಸಾಹೇಬರ ಮೇಜಿನ ಮುಂದೆ, ಹೊಳೆಯುವ ನೆಲದ ಮೇಲೆ, ಕಾಲು ಚಾಚಿ ಕೂತಳು.

“ಹಂಗಾರ ಒತ್ತಬ್ಯಾಡ. ನಾ ಇಲ್ಲೇ ಕುಂದರತೇನಿ. ಅವ್ವಾ, ಏನು ತಂಪೈತಿ ಇಲ್ಲೆ. ನನ್ನ ತಮ್ಮಗೂ ಫೋನ್ ಹಚ್ಚು, ಅಂವಾ ಉಳದವರಿಗೆ ಹಚ್ಚತಾನ.”

ಸಾಹೇಬರ ನಗು ಮುಖದಲ್ಲಿ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಅವರು ಮುದುಕಿಯ ತಲೆಯ ಮೇಲಿಂದ ರಾಯರತ್ತ ನೋಡಿ ಗದ್ದ ಅಲ್ಲಾಡಿಸಿದರು. ರಾಯರು ಎದ್ದರು. ಅವರ ಕೈಯಲ್ಲಿ ಖಂಡೆಪೂಜೆಯ ಹಿತ್ತಾಳೆ ತಾಟು ಇದ್ದುದನ್ನು ಮಂಜುಳಾ ಆಗ ಕಂಡಳು. ತಾಟಿನ ನಡುವೆ ಕೆಂಪು ಚೀಟಿ, ಪಕ್ಕಕ್ಕೆ ಎರಡು ಅಡಿಕೆ, ಒಂದು ಹೂವು. ಹೂವು ಎಲ್ಲಿಂದ ತಂದರೋ.

“ಜನವರಿಯೊಳಗ ನಾ ಇಳೀತೇನಿ,” ಅಂದರು. ದನಿ ಅವರದೇ, ಮಾತು ಅವರದಲ್ಲ. “ನನ್ನ ಕುರ್ಚಿ ನಿನಗ ಅಂತ ಸಾಹೇಬರು ಒಪ್ಯಾರ. ಆರ್ಡರ್ ಟೈಪ್ ಆಗೇದ. ಇದು ದೊಡ್ಡ ಪಾಸ್‌ವರ್ಡ್. ಇವತ್ತಿಂದಾನ ನಿಂದು. ಯಾರಿಗೆ ಯಾವ ಹಕ್ಕು ಕೊಡಬೇಕು, ಯಾರದು ತಗೀಬೇಕು, ಎಲ್ಲಾ ನೀನ ಮಾಡು. ನೀ ಅಂದಂಗ ಮಾಡು.”

“ಮತ್ತ ಈ ನಲವತ್ತೊಂದು?”

ರಾಯರು ತಾಟನ್ನು ನೋಡುತ್ತಿದ್ದರು. “ಇದರಿಂದ ಒಳಗ ಹೋದ್ರ ಹಳೇ ಸಾಲು ಅಳಸಲಿಕ್ಕೆ ಬರತದ. ನಿನ್ನ ಹೆಸರು ಅಲ್ಲೆ ಉಳಿಯೂದಿಲ್ಲ. ಯಾವ ಊರಾಗೂ ಯಾರೂ ನಿನ್ನ ಕಡೆ ಬೆರಳು ಮಾಡೂದಿಲ್ಲ. ನಿನ್ನ ಹೆಸರು ಚೊಕ್ಕ ಆಗತದವಾ.”

“ಮಷಿನ್ ನಂಬರೂ ಅಳಸ್ತೈತ್ರಿ?”

ರಾಯರು ಒಂದು ಕೈಯಿಂದ ತಾಟಿನ ಹೂವನ್ನು ಸರಿಪಡಿಸಿದರು. ಅಡಿಕೆಯೊಂದು ಉರುಳಿ ಚೀಟಿಗೆ ತಾಗಿ ನಿಂತಿತು. ಅವಳಿಗೆ ಲಾಗಿನ್ ಮಾಡುವುದನ್ನು ಮೊದಲು ಕಲಿಸಿದ ಕೈ ಅದು. ಅವಳ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ತೋರಿಸಿ, ಇನ್ನು ಮುಂದ ಇದು ನೀನ ನೋಡವಾ, ಅಂದಿದ್ದರು.

“ರಾಯರ,” ಅಂದಳು ಮೆಲ್ಲಗೆ, “ನೀವು ಹೇಳ್ರಿ. ನನ್ನ ಚೀಟಿ ತಗದಾಂವ ಯಾರಂತ ನಿಮಗ ಗೊತ್ತೈತಿ.”

“ನನಗ ಇನ್ನ ಒಂದು ತಿಂಗಳು ಅದವಾ.”

ನೆಲದ ಮೇಲಿಂದ ಶಟ್ಟೆವ್ವ ಕತ್ತೆತ್ತಿ ಮೂವರನ್ನೂ ನೋಡುತ್ತಿದ್ದಳು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನು ಹೊಡೆಯುತ್ತ ಕಾಟಾದ ಕಡೆ ತಿರುಗಿತು. ಮಿಲಿಂದ ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು, ಅಚ್ಚಾದ ಆರ್ಡರನ್ನು ಅವಳತ್ತ ತಿರುಗಿಸಿ, ಪೆನ್ನನ್ನು ಅದರ ಮೇಲೆ ಇಟ್ಟರು.

“ವಿಚಾರ ಮಾಡೂ ಹಂಗ ಇಲ್ರಿ ಇದರಾಗ. ಆರು ವರ್ಷದಾಗ ಯಾರಿಗೂ ಸಿಕ್ಕಿಲ್ಲ ಇಂಥ ಜಾಗಾ. ತಗೋರಿ.”

ಮಂಜುಳಾ ತನ್ನ ಅರ್ಜಿಯನ್ನು ಆರ್ಡರಿನ ಮೇಲೆ, ಪೆನ್ನಿನ ಮೇಲೆಯೇ, ಚೌಕಾಗಿ ಇಟ್ಟಳು. ಶಿಕ್ಕಾ ಬೀಳಬೇಕಾದ ಮೂಲೆಯ ಮೇಲೆ ಬೆರಳಿಟ್ಟಳು. ರಾಯರು ತಾಟನ್ನು ಇನ್ನೊಂದು ಅಂಗುಲ ಮುಂದೆ ಚಾಚಿದರು.

“ಒಲ್ಲೆ,” ಅಂದಳು.